ಕಿಟಕಿಯಿಲ್ಲದ ಕೋಣೆಯ ಪಾಠ

ಜೋರು ಮಳೆಯೂ ಸಮುದ್ರದ ಉಬ್ಬರವೂ ಒಟ್ಟಿಗೆ ಬಂದ ದಿನ ಅಮೆರಿಕದ ಚಾರ್ಲ್ಸ್‌ಟನ್ ನಗರದಲ್ಲಿ ಮೊದಲು ನೀರು ತುಂಬಿಕೊಳ್ಳುವ ರಸ್ತೆಗಳಲ್ಲಿ ಊರಿನ ನಡುವೆ ಹಾದುಹೋಗುವ ಆರು ಪಥದ ಹೆದ್ದಾರಿಯೂ ಒಂದು. ಊರಿನವರು ಅದನ್ನು ಕ್ರಾಸ್‌ಟೌನ್ ಎಂದೇ ಕರೆಯುತ್ತಾರೆ. 1960ರ ದಶಕದಲ್ಲಿ ಕಪ್ಪು ಜನರು ತಲೆಮಾರುಗಳಿಂದ ಬಾಳಿದ್ದ ಕೇರಿಗಳನ್ನು ಸೀಳಿ, ಮನೆಗಳನ್ನು ಕೆಡವಿ ಈ ರಸ್ತೆಯನ್ನು ಹಾಕಿದರು. ಫಲಕಗಳ ಮೇಲೆ ಈಗ ಅದರ ಹೆಸರು ಸೆಪ್ಟಿಮಾ ಪಿ. ಕ್ಲಾರ್ಕ್ ಪಾರ್ಕ್‌ವೇ. ಹಾಸನದ ಕಡೆಯ ಹಳ್ಳಿಯೊಂದರಿಂದ ಜೆ-1 ಎಂಬ ತಾತ್ಕಾಲಿಕ ವೀಸಾದ ಮೇಲೆ ಗಣಿತದ ಶಿಕ್ಷಕಿಯಾಗಿ ಈ ದಕ್ಷಿಣ ಕೆರೊಲಿನಾ ರಾಜ್ಯಕ್ಕೆ ಬಂದ ನಾನು ಎರಡು ವರ್ಷ ಆ ಫಲಕದ ಕೆಳಗೆ ಕಾರು ಓಡಿಸಿದೆ. ಆ ಹೆಸರು ಯಾರದೆಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಈ ರಾಜ್ಯದ ಗ್ರಾಮೀಣ ಶಾಲೆಗಳಲ್ಲಿ ನನ್ನಂತೆ ಬಂದಿರುವ ಭಾರತೀಯ ಶಿಕ್ಷಕರು ಅನೇಕರಿದ್ದಾರೆ. ಸ್ಥಳೀಯ ಶಿಕ್ಷಕರು ಬರಲೊಪ್ಪದ, ಬಂದರೂ ಹೆಚ್ಚು ದಿನ ಉಳಿಯದ ಶಾಲೆಗಳಿಗೆ ನಮ್ಮನ್ನು ಕರೆಸಿಕೊಳ್ಳುತ್ತಾರೆ. ಮೂರು ವರ್ಷ, ವಿಸ್ತರಣೆ ಸಿಕ್ಕರೆ ಐದು ವರ್ಷ, ಆಮೇಲೆ ಊರಿಗೆ ಹಿಂದಿರುಗಬೇಕು. ನನ್ನ ಐದು ವರ್ಷ ಈ ಬೇಸಿಗೆಗೆ ಮುಗಿಯುತ್ತದೆ. ಹೊರಡುವ ಮುಂಚೆ ಆ ಕಪ್ಪು ಶಿಕ್ಷಕಿ ಸೆಪ್ಟಿಮಾ ಕ್ಲಾರ್ಕ್ ಅವರ ಬಗ್ಗೆ ಕನ್ನಡದಲ್ಲಿ ಬರೆಯಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಶಿಕ್ಷಕಿಯೊಬ್ಬಳ ವೃತ್ತಿಜೀವನ ಎಷ್ಟು ದೂರ ಹೋಗಬಹುದು ಎಂಬುದನ್ನು ನನಗೆ ತೋರಿಸಿದ್ದು ಅವರ ಬದುಕು. ನಾನು ಇಲ್ಲಿ ಮಾಡಿದ ಒಂದು ತಪ್ಪನ್ನು ಅರ್ಥಮಾಡಿಸಿದ್ದೂ ಅವರದೇ ಒಂದು ಸೋಲಿನ ಕಥೆ.

ಸೆಪ್ಟಿಮಾ ಹುಟ್ಟಿದ್ದು 1898ರ ಮೇ 3ರಂದು, ಚಾರ್ಲ್ಸ್‌ಟನ್ನಿನಲ್ಲಿ. ತಂದೆ ಪೀಟರ್ ಪಾಯಿನ್‌ಸೆಟ್ ಗುಲಾಮರಾಗಿಯೇ ಹುಟ್ಟಿದವರು. ತಾಯಿ ವಿಕ್ಟೋರಿಯಾ ಹೈಟಿಯಲ್ಲಿ ಬೆಳೆದು ಅಲ್ಲಿ ಓದುಬರಹ ಕಲಿತವರು. ಯಾರಿಗೂ ಗುಲಾಮಳಾಗಿರಲಿಲ್ಲ ಎಂಬ ಅಭಿಮಾನ ಅವರಿಗಿತ್ತು. ಏವರಿ ಎಂಬ ಶಾಲೆಯಲ್ಲಿ ಶಿಕ್ಷಕ ತರಬೇತಿ ಮುಗಿಸಿದ ಹುಡುಗಿಗೆ ಸ್ವಂತ ಊರಿನ ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಗಲಿಲ್ಲ, ಏಕೆಂದರೆ ಕಪ್ಪು ಮಕ್ಕಳ ಶಾಲೆಗಳಲ್ಲೂ ಕಪ್ಪು ಶಿಕ್ಷಕರು ಪಾಠ ಮಾಡಲು ಆ ನಗರದಲ್ಲಿ ಅವಕಾಶವಿರಲಿಲ್ಲ. ಹದಿನೆಂಟರ ಹರೆಯದಲ್ಲಿ, 1916ರಲ್ಲಿ, ಆಕೆ ಜಾನ್ಸ್ ಐಲೆಂಡ್ ಎಂಬ ದ್ವೀಪಕ್ಕೆ ಹೋದರು. ಈಗ ಸೇತುವೆ ದಾಟಿದರೆ ಅರ್ಧ ಗಂಟೆಯ ಹಾದಿ. ಆಗ ದೋಣಿಯಲ್ಲಿ ತೊರೆಗಳನ್ನು ಬಳಸಿ ಬಳಸಿ ಎಂಟೊಂಬತ್ತು ಗಂಟೆ ಹಿಡಿಯುತ್ತಿತ್ತು.

ಆ ಶಾಲೆಯಲ್ಲಿ 132 ಮಕ್ಕಳು, ಇಬ್ಬರು ಶಿಕ್ಷಕಿಯರು. ಮುಖ್ಯ ಶಿಕ್ಷಕಿಯಾಗಿದ್ದ ಸೆಪ್ಟಿಮಾ ಅವರಿಗೆ ತಿಂಗಳಿಗೆ 35 ಡಾಲರ್, ಜೊತೆಯವರಿಗೆ 25. ರಸ್ತೆಯ ಆಚೆ ಬದಿಯ ಬಿಳಿಯರ ಶಾಲೆಯಲ್ಲಿ ಮೂವರು ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಕ್ಷಕಿಗೆ 85 ಡಾಲರ್. ಶೈಕ್ಷಣಿಕ ಸಮಾನತೆಯ ಬಗ್ಗೆ ನಾನು ಇಲ್ಲಿ ಎಷ್ಟೋ ತರಬೇತಿ ಶಿಬಿರಗಳಲ್ಲಿ ಕೂತಿದ್ದೇನೆ, ಎಷ್ಟೋ ಬಣ್ಣಬಣ್ಣದ ನಕ್ಷೆಗಳನ್ನು ನೋಡಿದ್ದೇನೆ. ರಸ್ತೆಯ ಈ ಬದಿ ಮತ್ತು ಆ ಬದಿಯ ಈ ಲೆಕ್ಕದಷ್ಟು ಸ್ಪಷ್ಟವಾಗಿ ಅಸಮಾನತೆಯನ್ನು ಯಾವುದೂ ಹೇಳಲಿಲ್ಲ. ಕೊಯ್ಲಿನ ಕಾಲದಲ್ಲಿ ಮಕ್ಕಳು ಹೊಲದಲ್ಲಿರುತ್ತಿದ್ದರು, ಕೊಯ್ಲು ಮುಗಿದ ಮೇಲೆ ಶಾಲೆಗೆ ಬರುತ್ತಿದ್ದರು. ಪುಸ್ತಕಗಳಿರಲಿಲ್ಲ. ಒಗೆದು ಇಸ್ತ್ರಿ ಮಾಡಿದ ಬಟ್ಟೆ ತುಂಬಿ ಕೊಡುವ ದೊಡ್ಡ ಕಾಗದದ ಚೀಲಗಳನ್ನು ಬಿಡಿಸಿ, ಅವುಗಳ ಮೇಲೆ ಮಕ್ಕಳು ತಮ್ಮ ಗಲ್ಲಾ ಭಾಷೆಯಲ್ಲಿ ಹೇಳುತ್ತಿದ್ದ ಸುತ್ತಲಿನ ಮರ, ಹಕ್ಕಿ, ದಾರಿಗಳ ಕಥೆಗಳನ್ನು ಸೆಪ್ಟಿಮಾ ಬರೆದು ತೂಗುಹಾಕುತ್ತಿದ್ದರು. ಗಲ್ಲಾ ಎಂದರೆ ಪಶ್ಚಿಮ ಆಫ್ರಿಕಾದ ನುಡಿಗಳೂ ಇಂಗ್ಲಿಷೂ ಬೆರೆತು ಈ ದ್ವೀಪಗಳಲ್ಲಿ ಬೆಳೆದ ಮಾತು. ಮಕ್ಕಳ ಬಾಯಲ್ಲಿದ್ದುದೇ ಅವರ ಮೊದಲ ಪಠ್ಯವಾಯಿತು.

ಮುಂದಿನ ಮೂವತ್ತು ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಚಾರ್ಲ್ಸ್‌ಟನ್ನಿನ ಶಾಲೆಗಳಲ್ಲಿ ಕಪ್ಪು ಶಿಕ್ಷಕರಿಗೆ ಅವಕಾಶ ಬೇಕೆಂದು, ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುವ ಎನ್.ಎ.ಎ.ಸಿ.ಪಿ. ಸಂಸ್ಥೆ ಹೋರಾಟ ಹೂಡಿದಾಗ ಆಕೆ ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದರು. 1920ರಲ್ಲಿ ಆ ಬಾಗಿಲು ತೆರೆಯಿತು. ನೌಕಾಪಡೆಯಲ್ಲಿದ್ದ ಗಂಡ ನೀರಿ ಕ್ಲಾರ್ಕ್ 1925ರಲ್ಲಿ ತೀರಿಕೊಂಡರು. ರಾಜಧಾನಿ ಕೊಲಂಬಿಯಾದಲ್ಲಿ ಹದಿನೆಂಟು ವರ್ಷ ಪಾಠ ಮಾಡಿದರು. ಕಪ್ಪು ಮತ್ತು ಬಿಳಿಯ ಶಿಕ್ಷಕರಿಗೆ ಸಮಾನ ಸಂಬಳ ಸಿಗಬೇಕೆಂದು ಆ ಸಂಸ್ಥೆಯ ವಕೀಲ ಥರ್ಗುಡ್ ಮಾರ್ಷಲ್ ನಡೆಸಿದ ಮೊಕದ್ದಮೆಗೆ ಅಲ್ಲಿ ನೆರವಾದರು. 1945ರಲ್ಲಿ ನ್ಯಾಯಾಧೀಶ ವೇಟೀಸ್ ವೇರಿಂಗ್ ಶಿಕ್ಷಕರ ಪರವಾಗಿ ತೀರ್ಪು ಕೊಟ್ಟರು. 1947ರಲ್ಲಿ ಸೆಪ್ಟಿಮಾ ಹುಟ್ಟೂರಿಗೆ ಮರಳಿದರು.

ಈಗ ಸೋಲಿನ ಕಥೆಗೆ ಬರುತ್ತೇನೆ. 1954ರಲ್ಲಿ ಬ್ರೌನ್ ಮೊಕದ್ದಮೆಯ ತೀರ್ಪು ಬಂದು, ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಕಾನೂನುಬಾಹಿರವಾದ ಮೇಲೆ ದಕ್ಷಿಣದ ರಾಜ್ಯಗಳು ಸೇಡಿಗೆ ನಿಂತವು. 1956ರಲ್ಲಿ ದಕ್ಷಿಣ ಕೆರೊಲಿನಾ ಒಂದು ಕಾಯಿದೆ ತಂದಿತು: ಸರ್ಕಾರಿ ನೌಕರರು ಯಾರೂ ಎನ್.ಎ.ಎ.ಸಿ.ಪಿ.ಯ ಸದಸ್ಯರಾಗಿರುವಂತಿಲ್ಲ. ಸದಸ್ಯತ್ವವನ್ನು ಮುಚ್ಚಿಡಲು ಸೆಪ್ಟಿಮಾ ಒಪ್ಪಲಿಲ್ಲ. ಒಬ್ಬರೇ ನಿಂತರೆ ಸಾಲದೆಂದು 726 ಮಂದಿ ಕಪ್ಪು ಶಿಕ್ಷಕರಿಗೆ ತಮ್ಮ ಸಹಿ ಹಾಕಿ ಪತ್ರ ಬರೆದರು. ಎಲ್ಲರೂ ಒಟ್ಟಾಗಿ ಈ ಕಾಯಿದೆಯನ್ನು ವಿರೋಧಿಸೋಣ, ನಮ್ಮೆಲ್ಲರನ್ನೂ ಅವರು ಕೆಲಸದಿಂದ ತೆಗೆಯಲಾರರು ಎಂಬುದು ಅವರ ಲೆಕ್ಕವಾಗಿತ್ತು. ಉತ್ತರ ಬಂದದ್ದು 26 ಮಂದಿಯಿಂದ. ಶಾಲಾ ಅಧಿಕಾರಿಯನ್ನು ಕಾಣಲು ಬರುತ್ತೇವೆಂದು ಒಪ್ಪಿದವರು 11. ಆ ದಿನ ಬಂದವರು ಐವರು.

ಸೆಪ್ಟಿಮಾ ಅವರ ಕೆಲಸ ಹೋಯಿತು. ನಲವತ್ತು ವರ್ಷದ ಸೇವೆಯ ಪಿಂಚಣಿಯೂ ಹೋಯಿತು. ಅವರ ಹಳೆಯ ಸಂಘದ ಗೆಳತಿಯರು ಅವರಿಗಾಗಿ ಹಣ ಕೂಡಿಸುವ ಸಮಾರಂಭ ಮಾಡಿದರು, ಆದರೆ ಅವರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಒಬ್ಬರೂ ಮುಂದೆ ಬರಲಿಲ್ಲ. ಫೋಟೊ ಪತ್ರಿಕೆಯಲ್ಲಿ ಬಂದರೆ ತಮ್ಮ ಕೆಲಸವೂ ಹೋದೀತೆಂಬ ಭಯ. ಆ ಭಯದಲ್ಲಿ ಸುಳ್ಳೇನೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ಆಗಿದ್ದರೆ ಜನರನ್ನು ಹಳಿಯುತ್ತಿದ್ದರು. ಹೇಡಿಗಳು, ಇವರಿಗೋಸ್ಕರ ಏನು ಮಾಡಿದರೂ ಅಷ್ಟೆ ಎನ್ನುತ್ತಿದ್ದರು. ಸೆಪ್ಟಿಮಾ ಮುಂದೆ ಈ ಪ್ರಸಂಗವನ್ನು ನೆನೆದಾಗಲೆಲ್ಲ ಅದನ್ನು ತಮ್ಮ ಬದುಕಿನ ಸೋಲುಗಳಲ್ಲಿ ಒಂದೆಂದು ಹೇಳಿಕೊಂಡರು. ಜನ ಸಿದ್ಧರಾಗದೆ ಇದ್ದಾಗ ತಾನು ಅವರನ್ನು ತಳ್ಳಲು ಹೋದೆ, ಅವರ ಒಳಗೆ ಆ ಸಿದ್ಧತೆ ಮೂಡುವ ಕೆಲಸವನ್ನು ಮೊದಲು ಮಾಡಲಿಲ್ಲ ಎಂದರು. ಅವರ ಮುಂದಿನ ಇಡೀ ಕೆಲಸ ಈ ಒಂದು ಅರಿವಿನಿಂದ ಹೊರಟಿತು ಎಂಬುದು ನನ್ನ ಓದು. ಆಗ ಅವರ ವಯಸ್ಸು 58. ನಮ್ಮಲ್ಲಿ ಆ ವಯಸ್ಸಿನ ಶಿಕ್ಷಕಿಗೆ ಹಾರ ಹಾಕಿ, ಶಾಲು ಹೊದಿಸಿ, ಬೀಳ್ಕೊಡುಗೆಯ ಭಾಷಣ ಮಾಡುತ್ತೇವೆ.

ನನ್ನ ತಪ್ಪು ಅವರ ಸೋಲಿನಷ್ಟು ದೊಡ್ಡದಲ್ಲ, ಅದರಲ್ಲಿ ಅಂಥ ಧೈರ್ಯವೂ ಇರಲಿಲ್ಲ. ನಾನು ಪಾಠ ಮಾಡುವ ಶಾಲೆ ಚಾರ್ಲ್ಸ್‌ಟನ್ನಿನಿಂದ ಒಂದೂವರೆ ಗಂಟೆ ದೂರ, ಪೈನ್ ಮರಗಳ ನಡುವೆ ಇದೆ. ಮಕ್ಕಳಲ್ಲಿ ಹೆಚ್ಚುಪಾಲು ಕಪ್ಪು ಮಕ್ಕಳು. ಎಂಟನೇ ತರಗತಿಯ ಬೀಜಗಣಿತದಲ್ಲಿ ಅವರು ಹಿಂದುಳಿಯುವುದನ್ನು ಕಂಡು, ಎರಡನೇ ವರ್ಷ ನಾನು ತಂದೆತಾಯಿಯರಿಗಾಗಿ ಸಂಜೆ ತರಗತಿಯೊಂದನ್ನು ಯೋಜಿಸಿದೆ. ಮನೆಯವರಿಗೆ ಲೆಕ್ಕ ತಿಳಿದರೆ ಮಕ್ಕಳಿಗೆ ಸಹಾಯವಾಗುತ್ತದೆ ಎಂಬುದು ನನ್ನ ಎಣಿಕೆ. ಚೆಂದದ ಕರಪತ್ರ ಮಾಡಿಸಿ ಪ್ರತಿ ಮಗುವಿನ ಚೀಲದಲ್ಲಿ ಇಟ್ಟೆ. ಮಂಗಳವಾರ ಸಂಜೆ ಐದೂವರೆಗೆ ಇಪ್ಪತ್ತು ಕುರ್ಚಿ ಹಾಕಿ, ಮನೆಯಲ್ಲಿ ಮಾಡಿದ ನಿಪ್ಪಟ್ಟನ್ನು ತಟ್ಟೆಯಲ್ಲಿಟ್ಟುಕೊಂಡು ಕಾದೆ. ಮೂರು ಮಂಗಳವಾರ ಕಾದೆ. ಒಬ್ಬರೂ ಬರಲಿಲ್ಲ.

ಅವತ್ತು ನನ್ನ ಮನಸ್ಸಿನಲ್ಲಿ ಬಂದ ಮಾತನ್ನು ಮುಚ್ಚಿಡದೆ ಬರೆಯಬೇಕು: ಇವರಿಗೆ ಓದಿನ ಬೆಲೆ ಗೊತ್ತಿಲ್ಲ. ನಾನು ಬಂದ ಹೊಸದರಲ್ಲಿ ಇಲ್ಲಿನ ನಮ್ಮವರು ಕೆಲವರು ಹೇಳಿಕೊಟ್ಟ ಮಾತೂ ಅದೇ ಆಗಿತ್ತು. ಆ ಏರಿಯಾ ಸರಿಯಿಲ್ಲ, ಆ ಮಕ್ಕಳು ಕಲಿಯುವುದಿಲ್ಲ, ಸಂಬಳ ತೆಗೆದುಕೊಂಡು ದಿನ ತಳ್ಳಿಬಿಡು. ಆ ಮಾತನ್ನು ನಾನು ಒಪ್ಪಿರಲಿಲ್ಲ ಎಂದುಕೊಂಡಿದ್ದೆ. ಖಾಲಿ ಕುರ್ಚಿಗಳ ಮುಂದೆ ಕೂತಾಗ ಅದು ನನ್ನ ಬಾಯಿಂದಲೇ ಹೊರಟುಬಂತು.

ನನ್ನ ಕಣ್ಣು ತೆರೆಸಿದವರು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು. ಅವರ ಮೊಮ್ಮಗ ನನ್ನ ತರಗತಿಯಲ್ಲಿದ್ದ. ಅವರು ನನ್ನನ್ನು ಬೈಯಲಿಲ್ಲ, ಸುಮ್ಮನೆ ಕೇಳಿದರು: “ಟೀಚರ್, ಐದೂವರೆಗೆ ನಮ್ಮ ಕಡೆಯ ಬಸ್ಸು ಎಲ್ಲಿರುತ್ತದೆ ಎಂದು ನಿಮಗೆ ಗೊತ್ತೇ?” ಊರಿನ ಅರ್ಧದಷ್ಟು ತಾಯಂದಿರು ಬೆಳಗಿನ ಜಾವ ಬಸ್ಸು ಹತ್ತಿ, ಎರಡು ಗಂಟೆ ದೂರದ ಕಡಲತೀರದ ಹೋಟೆಲುಗಳಲ್ಲಿ ಕೋಣೆ ಶುಚಿ ಮಾಡಲು ಹೋಗುತ್ತಾರೆ. ಐದೂವರೆಗೆ ಅವರು ಹೆದ್ದಾರಿಯ ಮೇಲೆ ಬಸ್ಸಿನಲ್ಲಿ ನಿದ್ದೆ ಹೋಗಿರುತ್ತಾರೆ. ಇದು ಇಡೀ ಊರಿಗೆ ಗೊತ್ತಿದ್ದ ಸಂಗತಿ. ನಾನು ಕೇಳಿರಲಿಲ್ಲ. ಕೇಳದೆಯೇ ಅವರಿಗೆ ಬೇಕಾದದ್ದು ಬೀಜಗಣಿತವೆಂದು ತೀರ್ಮಾನಿಸಿ, ಸಮಯವನ್ನೂ ನಾನೇ ಇಟ್ಟು, ಬರದಿದ್ದಾಗ ತಪ್ಪನ್ನು ಅವರ ತಲೆಗೆ ಕಟ್ಟಿದ್ದೆ.

ಕೆಲಸ ಕಳೆದುಕೊಂಡ ಸೆಪ್ಟಿಮಾ ಟೆನೆಸೀ ರಾಜ್ಯದ ಮಾಂಟೀಗಲ್ ಬೆಟ್ಟದ ಮೇಲಿದ್ದ ಹೈಲ್ಯಾಂಡರ್ ಫೋಕ್ ಸ್ಕೂಲ್ ಸೇರಿದರು. ಮೈಲ್ಸ್ ಹಾರ್ಟನ್ ಎಂಬ ಬಿಳಿಯರು ಕಟ್ಟಿದ ಆ ಶಾಲೆಯಲ್ಲಿ ಕಪ್ಪು ಜನ, ಬಿಳಿಯರು ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು, ಒಂದೇ ಕಡೆ ಮಲಗುತ್ತಿದ್ದರು. ಆ ಕಾಲದ ದಕ್ಷಿಣದಲ್ಲಿ ಅದೇ ಒಂದು ಅಪರಾಧ. ಕೆಲಸ ಹೋಗುವ ಮುಂಚೆಯೇ, 1955ರ ಬೇಸಿಗೆಯಲ್ಲಿ, ಸೆಪ್ಟಿಮಾ ಅಲ್ಲಿ ನಡೆಸಿದ ಶಿಬಿರಕ್ಕೆ ಮಾಂಟ್‌ಗೊಮರಿಯಿಂದ ಬಂದಿದ್ದ ರೋಸಾ ಪಾರ್ಕ್ಸ್ ಎಂಬ ದರ್ಜಿ ಕೆಲಸದ ಮಹಿಳೆ, ಕೆಲವೇ ತಿಂಗಳ ನಂತರ ಬಸ್ಸಿನಲ್ಲಿ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡಲು ನಿರಾಕರಿಸಿದರು.

ಜಾನ್ಸ್ ಐಲೆಂಡಿನಿಂದ ಚಾರ್ಲ್ಸ್‌ಟನ್ನಿಗೆ ಕೂಲಿಯವರನ್ನೂ ಮನೆಗೆಲಸದವರನ್ನೂ ಕರೆದೊಯ್ಯುತ್ತಿದ್ದ ಬಸ್ಸಿನ ಮಾಲೀಕ ಈಸಾ ಜೆಂಕಿನ್ಸ್ ಅವರೂ ಹೈಲ್ಯಾಂಡರಿಗೆ ಬಂದಿದ್ದರು. ಅವರ ಬಸ್ಸಿನಲ್ಲಿ ದಿನವೂ ಬರುತ್ತಿದ್ದ ಆಲಿಸ್ ವೈನ್ ಒಂದು ಬೇಡಿಕೆ ಇಟ್ಟಿದ್ದರು: ತನಗೆ ಓದಲು ಕಲಿಸಿಕೊಟ್ಟರೆ ಮತದಾರಳಾಗಿ ಹೆಸರು ಬರೆಸಿಕೊಳ್ಳುತ್ತೇನೆ. 1895ರ ರಾಜ್ಯ ಸಂವಿಧಾನದ ಪ್ರಕಾರ ಹೆಸರು ಬರೆಸಬೇಕಾದವರು ಸಂವಿಧಾನದ ಒಂದು ಭಾಗವನ್ನು ಓದಿ ತೋರಿಸಬೇಕಿತ್ತು, ಇಲ್ಲವೇ 300 ಡಾಲರ್ ಬೆಲೆಯ ಆಸ್ತಿಗೆ ತೆರಿಗೆ ಕಟ್ಟಿರಬೇಕಿತ್ತು. ಗುಲಾಮಗಿರಿಯ ಕಾಲದಲ್ಲಿ ಅಕ್ಷರ ಕಲಿಸುವುದನ್ನೇ ನಿಷೇಧಿಸಿದ್ದ ರಾಜ್ಯ, ಆ ಗುಲಾಮರ ಮೊಮ್ಮಕ್ಕಳಿಗೆ ಅಕ್ಷರ ಬರುವುದಿಲ್ಲವೆಂದು ಮತವನ್ನು ನಿರಾಕರಿಸಿತು. ಜೆಂಕಿನ್ಸ್ ಬಸ್ಸು ಓಡಿಸುತ್ತಲೇ ಪ್ರಯಾಣಿಕರಿಗೆ ಸಂವಿಧಾನದ ಸಾಲುಗಳನ್ನು ಹೇಳಿಕೊಡುತ್ತಿದ್ದರು. ಆಲಿಸ್ ಅದನ್ನು ಬಾಯಿಪಾಠ ಮಾಡಿದ್ದರು. ಆದರೆ ಬಾಯಿಪಾಠ ಅವರಿಗೆ ಸಾಕಾಗಲಿಲ್ಲ, ನಿಜವಾಗಿ ಓದಬೇಕಿತ್ತು.

ದ್ವೀಪದ ಜನ ತಮ್ಮ ಪ್ರೊಗ್ರೆಸಿವ್ ಕ್ಲಬ್ ಎಂಬ ಸಂಘದ ಹೆಸರಿನಲ್ಲಿ, ಹೈಲ್ಯಾಂಡರಿನಿಂದ ಸಾಲ ಪಡೆದು, ಹಳೆಯ ಕಟ್ಟಡವೊಂದನ್ನು ಕೊಂಡರು. ಮುಂದೆ ಸಹಕಾರಿ ದಿನಸಿ ಅಂಗಡಿ. ಹಿಂದೆ ತರಗತಿಗೆ ಎರಡು ಕೋಣೆ, ಕಿಟಕಿಯಿಲ್ಲದವು. ಒಳಗೆ ನಡೆಯುವುದು ಬಿಳಿಯರ ಕಣ್ಣಿಗೆ ಬೀಳಬಾರದಿತ್ತು. ಪಾಠ ಹೇಳಲು ಸೆಪ್ಟಿಮಾ ತಾವೇ ನಿಲ್ಲಲಿಲ್ಲ, ತರಬೇತಿ ಪಡೆದ ಶಿಕ್ಷಕರನ್ನೂ ಕರೆಯಲಿಲ್ಲ. ಅಕ್ಷರ ಬಾರದ ದೊಡ್ಡವರ ಮುಂದೆ ಶಿಕ್ಷಕರ ಗತ್ತು ಏನು ಮಾಡುತ್ತದೆಂದು ಅವರಿಗೆ ಗೊತ್ತಿತ್ತು. ಹೆಂಗಸರ ಕೂದಲು ಅಲಂಕರಿಸುವ ಅಂಗಡಿ ಇಟ್ಟುಕೊಂಡಿದ್ದ, ತಮ್ಮ ಸಂಬಂಧಿ ಬರ್ನೀಸ್ ರಾಬಿನ್ಸನ್ ಅವರನ್ನು ಒಪ್ಪಿಸಿದರು. ಅವರು ಜನರ ಮಾತು ಕೇಳುವುದರಲ್ಲಿ ಪಳಗಿದವರು. ಜೊತೆಗೆ, ಅವರ ಗಿರಾಕಿಗಳೆಲ್ಲ ಕಪ್ಪು ಹೆಂಗಸರೇ ಆದ್ದರಿಂದ ಯಾವ ಬಿಳಿಯ ಯಜಮಾನನೂ ಅವರ ಅನ್ನ ಕಿತ್ತುಕೊಳ್ಳುವಂತಿರಲಿಲ್ಲ.

1957ರ ಜನವರಿ 7ರ ರಾತ್ರಿ ಮೊದಲ ತರಗತಿಗೆ 14 ಮಂದಿ ಬಂದರು. ರಾಬಿನ್ಸನ್ ಪುಟ್ಟ ಮಕ್ಕಳ ಪಠ್ಯಗಳನ್ನು ಒಯ್ದಿದ್ದರು. ಹೊಲದಲ್ಲಿ ದುಡಿದು ಬಂದ ಈ ಹಿರಿಯರಿಗೆ ಅವು ತಕ್ಕವಲ್ಲವೆಂದು ಕಂಡು ಬದಿಗಿಟ್ಟರು. ನಾನು ಮೇಷ್ಟರಲ್ಲ, ನಾವೆಲ್ಲ ಸೇರಿ ಕಲಿಯೋಣ ಎಂದರು. ನಿಮಗೆ ಏನು ಕಲಿಯಬೇಕು ಎಂದು ಕೇಳಿದರು. ಒಬ್ಬರಿಗೆ ಬೈಬಲ್ ಓದಬೇಕಿತ್ತು. ಇನ್ನೊಬ್ಬರಿಗೆ ದೂರದಲ್ಲಿದ್ದ ಮಗನಿಗೆ ಕಾಗದ ಬರೆಯಬೇಕಿತ್ತು. ಮನಿ ಆರ್ಡರ್ ಫಾರಂ ತುಂಬುವುದು, ಅಂಗಡಿಯ ಕ್ಯಾಟಲಾಗ್ ನೋಡಿ ಸಾಮಾನು ತರಿಸುವುದು, ತಮ್ಮ ಹೆಸರು ಬರೆಯುವುದು. ಪಾಠ ಅಲ್ಲಿಂದ ಹೊರಟಿತು. ಲೆಕ್ಕವೆಂದರೆ ಗ್ಯಾಸೊಲಿನ್ ಬೆಲೆ ಮತ್ತು ಬಿತ್ತನೆ ಬೀಜದ ಲೆಕ್ಕ. ಗೋಡೆಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ಅಂಟಿಸಿ, ತರಗತಿ ಮುಗಿಯುವ ಹೊತ್ತಿಗೆ ನೀವೆಲ್ಲ ಇದನ್ನು ಓದಬೇಕು ಎಂದರು ರಾಬಿನ್ಸನ್.

ಹೆಸರು ಬರೆಯುವುದನ್ನು ಕಲಿಸಿದ ಬಗೆಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ರಟ್ಟಿನ ತುಂಡಿನ ಮೇಲೆ ಅವರವರ ಹೆಸರನ್ನು ಬರೆದುಕೊಡುತ್ತಿದ್ದರು. ಕಲಿಯುವವರು ಅದರ ಮೇಲೆ ಪೆನ್ಸಿಲ್ಲಿನಿಂದ ತಿದ್ದಬೇಕು, ಕೈಗೆ ಆ ತಿರುವು ಗೊತ್ತಾಗುವವರೆಗೆ ಮತ್ತೆ ಮತ್ತೆ ತಿದ್ದಬೇಕು. ನೇಗಿಲು ಹಿಡಿದು ಪಳಗಿದ ಕೈಗಳಲ್ಲಿ ಪೆನ್ಸಿಲ್ಲುಗಳು ಮುರಿಯುತ್ತಿದ್ದವು. ಮುರಿದರೆ ಇನ್ನೊಂದು ಕೊಡುತ್ತಿದ್ದರು. ಅರವತ್ತೈದರ ಅಜ್ಜಿಯೊಬ್ಬರು ಒಂದು ದಿನ ಬೋರ್ಡಿನ ಮೇಲೆ ಬರೆದಿದ್ದ ಹಲವು ಹೆಸರುಗಳ ನಡುವೆ ತಮ್ಮದನ್ನು ಗುರುತಿಸಿ, ಎದ್ದುಹೋಗಿ, ಒಂದೊಂದೇ ಅಕ್ಷರವನ್ನು ಹೇಳಿ ತೋರಿಸಿದರಂತೆ. ತನಗೆ ಮೈ ಜುಮ್ಮೆಂದಿತು ಎಂದು ರಾಬಿನ್ಸನ್ ಮುಂದೆ ಅದನ್ನು ನೆನೆದಿದ್ದಾರೆ.

ಈ ಸಾಲುಗಳನ್ನು ಓದುವಾಗ ನಮ್ಮ ಮನೆಯ ಜಗಲಿ ಕಣ್ಣಮುಂದೆ ಬರುತ್ತದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಸಾಕ್ಷರತಾ ಆಂದೋಲನ ನಮ್ಮೂರಿಗೂ ಬಂದಿತ್ತು. ರಾತ್ರಿ ಊಟದ ಮೇಲೆ ನಮ್ಮ ಮನೆಯಲ್ಲೇ ತರಗತಿ. ಅದುವರೆಗೆ ಹೆಬ್ಬೆಟ್ಟು ಒತ್ತುತ್ತಿದ್ದ ನನ್ನ ಅಜ್ಜಿ ಸ್ಲೇಟಿನ ಮೇಲೆ ಹೆಸರು ತಿದ್ದಲು ಕಲಿತರು. ಒತ್ತಕ್ಷರದ ಹತ್ತಿರ ಬಂದಾಗಲೆಲ್ಲ ಬಳಪ ಕಿರ್ ಎಂದು ಜಾರುತ್ತಿತ್ತು. ಲಾಟೀನು ಹಿಡಿದುಕೊಂಡು ನಿಲ್ಲುವ ಕೆಲಸ ನನ್ನದು. ಅಜ್ಜಿ ಬ್ಯಾಂಕಿನಲ್ಲಿ ಮೊದಲ ಸಲ ಸಹಿ ಹಾಕಿದ ಕಥೆಯನ್ನು ನಾನು ಇಲ್ಲಿನ ಮಕ್ಕಳಿಗೆ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದೇನೆ. ಆದರೆ ಅವರಿಗೆ ಹೇಳದೆ ಬಿಟ್ಟ ಭಾಗವೊಂದಿದೆ. ಅಜ್ಜಿ ಮತ್ತು ನಮ್ಮ ಬೀದಿಯ ಹೆಂಗಸರು ಜಗಲಿಯ ಮೇಲೆ ಕೂರುತ್ತಿದ್ದರು. ಹೊಲಗೇರಿಯಿಂದ ಬಂದವರು ಕೆಳಗೆ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದರು. ಲಾಟೀನಿನ ಬೆಳಕು ಅಂಗಳದ ಅರ್ಧದವರೆಗೆ ಮಾತ್ರ ಹೋಗುತ್ತಿತ್ತು. ಅಕ್ಷರ ಒಂದೇ, ಮೇಷ್ಟರು ಒಬ್ಬರೇ, ಕೂರುವ ಜಾಗ ಮಾತ್ರ ಬೇರೆ. ಲಾಟೀನನ್ನು ಎರಡು ಹೆಜ್ಜೆ ಮುಂದೆ ಒಯ್ಯಬೇಕೆಂದು ನನಗೆ ತೋಚಲಿಲ್ಲ. ಹತ್ತು ವರ್ಷದ ಹುಡುಗಿಗೆ ತೋಚದಿದ್ದುದು ಆಶ್ಚರ್ಯವಲ್ಲ. ಇಲ್ಲಿಗೆ ಬಂದು, ರಸ್ತೆಯ ಎರಡು ಬದಿಯ ಎರಡು ಶಾಲೆಗಳ ಕಥೆ ಓದುವವರೆಗೂ ಆ ಅಂಗಳ ನನ್ನ ನೆನಪಿಗೇ ಬರಲಿಲ್ಲವಲ್ಲ, ಅದು ನನ್ನನ್ನು ಕಾಡುತ್ತದೆ.

ಜಾನ್ಸ್ ಐಲೆಂಡಿನಲ್ಲಿ ತರಗತಿ ಮುಗಿಸಿದವರು ಹೋಗಿ ಮತದಾರರಾಗಿ ಹೆಸರು ಬರೆಸಿದರು. ಪಕ್ಕದ ದ್ವೀಪಗಳಿಂದ ನಮಗೂ ಬೇಕು ಎಂಬ ಕರೆ ಬಂತು. 1959ರ ಜುಲೈ 31ರ ರಾತ್ರಿ ಹೈಲ್ಯಾಂಡರಿನ ಮೇಲೆ ಪೊಲೀಸರ ದಾಳಿಯಾಯಿತು. ಮದ್ಯ ಮುಟ್ಟದ ಸೆಪ್ಟಿಮಾ ಅವರನ್ನು ಮದ್ಯ ಇಟ್ಟುಕೊಂಡ ಆರೋಪದ ಮೇಲೆ ಹಿಡಿದೊಯ್ದರು. ಆ ಶಾಲೆಯನ್ನು ರಾಜ್ಯ ಮುಚ್ಚಿಸಿತು. ಅಷ್ಟರೊಳಗೆ, 1961ರಲ್ಲಿ, ಪೌರತ್ವ ಶಾಲೆಗಳು ಎಂದು ಹೆಸರಾದ ಈ ರಾತ್ರಿ ತರಗತಿಗಳ ಕಾರ್ಯಕ್ರಮ ಮಾರ್ಟಿನ್ ಲೂಥರ್ ಕಿಂಗ್ ಅವರ ಎಸ್.ಸಿ.ಎಲ್.ಸಿ. ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಕೈಗೆ ಬಂದಿತ್ತು. ಜಾರ್ಜಿಯಾದ ಮೆಕಿಂಟಾಷ್ ಎಂಬಲ್ಲಿನ ಡಾರ್ಚೆಸ್ಟರ್ ಕೇಂದ್ರಕ್ಕೆ ಹಳ್ಳಿಹಳ್ಳಿಗಳಿಂದ ರೈತರು, ಅಗಸಗಿತ್ತಿಯರು, ಕೂದಲು ಕತ್ತರಿಸುವವರು ಬಂದರು. ಸೆಪ್ಟಿಮಾ, ಡೊರೊತಿ ಕಾಟನ್ ಮತ್ತು ಆಂಡ್ರ್ಯೂ ಯಂಗ್ ಅವರಿಗೆ ತರಬೇತಿ ಕೊಟ್ಟರು. ಸ್ವತಃ ಕಷ್ಟಪಟ್ಟು ಓದುವವರನ್ನೂ ಸೆಪ್ಟಿಮಾ ಶಿಕ್ಷಕರನ್ನಾಗಿ ಮಾಡಿದರು. ಗಟ್ಟಿಯಾಗಿ ಓದಲು, ಬೋರ್ಡಿನ ಮೇಲೆ ತಿಳಿಯುವಂತೆ ಬರೆಯಲು ಬಂದರೆ ಸಾಕಿತ್ತು. 1970ರೊಳಗೆ ಸುಮಾರು 10,000 ಶಿಕ್ಷಕರು ಹೀಗೆ ತಯಾರಾದರು. ಮಿಸಿಸಿಪ್ಪಿಯ ಹತ್ತಿ ಹೊಲದಿಂದ ಎದ್ದುಬಂದ ಫ್ಯಾನಿ ಲೂ ಹೇಮರ್ ಅವರಲ್ಲಿ ಒಬ್ಬರು. 1963ರ ಜೂನ್‌ನಲ್ಲಿ ಇಂಥ ತರಬೇತಿ ಮುಗಿಸಿ ಹಿಂದಿರುಗುವಾಗ ವಿನೋನಾ ಪಟ್ಟಣದ ಜೈಲಿನಲ್ಲಿ ಅವರನ್ನು ಬಡಿದರು. ಆ ಪೆಟ್ಟಿನ ನೋವು ಬದುಕಿರುವವರೆಗೂ ಅವರ ಮೈಯಲ್ಲಿತ್ತು.

ಆ ಸಂಘಟನೆಯ ಗಂಡಸರ ನಡುವೆ ಸೆಪ್ಟಿಮಾ ಅವರ ಮಾತಿಗೆ ಅವರ ಕೆಲಸಕ್ಕೆ ತಕ್ಕ ಬೆಲೆ ಸಿಗಲಿಲ್ಲ. ಎಲ್ಲ ಮೆರವಣಿಗೆಗಳನ್ನೂ ನೀವೇ ಮುನ್ನಡೆಸಬೇಡಿ, ಆಯಾ ಊರಿನವರು ಮುಂದೆ ನಡೆಯಲಿ ಎಂದು ಅವರು ಕಿಂಗ್ ಅವರಿಗೆ ಪತ್ರ ಬರೆದಾಗ, ಅದನ್ನು ಸಭೆಯಲ್ಲಿ ಓದಿದಾಗ, ಅಲ್ಲಿದ್ದವರು ನಕ್ಕರು. ಆದರೂ 1964ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸ್ವೀಕರಿಸಲು ಓಸ್ಲೋಗೆ ಹೊರಟ ಕಿಂಗ್ ಅವರ ಜೊತೆ ಹೋದವರಲ್ಲಿ ಸೆಪ್ಟಿಮಾ ಇದ್ದರು. ಸಾಕ್ಷರತಾ ಪರೀಕ್ಷೆಗಳಿಗೆ ತಡೆ ಬಿದ್ದದ್ದು 1965ರ ಮತದಾನ ಹಕ್ಕಿನ ಕಾಯಿದೆಯಿಂದ. ಅಂದು ಸಾಲುಗಟ್ಟಿ ಬಂದ ಜನರನ್ನು ಅದಕ್ಕೆ ಮುಂಚಿನ ಎಂಟು ವರ್ಷ ರಾತ್ರಿ ತರಗತಿಗಳಲ್ಲಿ ಸಿದ್ಧಮಾಡಿದವರನ್ನು ಕಾಯಿದೆಯ ಇತಿಹಾಸ ಬರೆದವರು ಅಷ್ಟಾಗಿ ನೆನೆಯುವುದಿಲ್ಲ.

ಈಗ ಈ ದೇಶದಲ್ಲಿ ರೇಶಿಯಲ್ ಹೀಲಿಂಗ್ ಎಂಬ ಮಾತು ಹೆಚ್ಚು ಕೇಳಿಬರುತ್ತದೆ. ಕನ್ನಡದಲ್ಲಿ ಗಾಯ ಮಾಯುವುದು ಎನ್ನುತ್ತೇವೆ. 2017ರಿಂದ ಪ್ರತಿ ಜನವರಿಯಲ್ಲಿ, ಕಿಂಗ್ ಅವರ ಹೆಸರಿನ ರಜೆಯ ಮರುದಿನ, ಇದಕ್ಕೆಂದೇ ಒಂದು ದಿನವನ್ನು ಆಚರಿಸುತ್ತಾರೆ. ಗ್ರಂಥಾಲಯದಲ್ಲಿ ನಡೆದ ಅಂಥದೊಂದು ಸಭೆಗೆ ನಾನು ಹೋಗಿದ್ದೆ. ಕಪ್ಪು ಜನ, ಬಿಳಿಯರು, ನಾನು, ಎಲ್ಲ ವೃತ್ತಾಕಾರವಾಗಿ ಕೂತೆವು. ಮಾತು ಒಳ್ಳೆಯದಾಗಿತ್ತು, ಕೆಲವರು ಅತ್ತರು. ಹಿರಿಯ ಬಿಳಿಯ ಮಹಿಳೆಯೊಬ್ಬರು ತಮ್ಮ ಬಾಲ್ಯದ ಮನೆಯ ಅಡುಗೆಯವಳ ಪೂರ್ತಿ ಹೆಸರು ತಮಗೆ ಎಂದೂ ಗೊತ್ತಿರಲಿಲ್ಲ ಎಂದು ಹೇಳಿ, ಮುಂದೆ ಮಾತಾಡಲಾರದೆ ಕೂತುಬಿಟ್ಟರು. ಆ ಸಭೆಗಳನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆ ಮಹಿಳೆಯ ಮೌನವನ್ನು ನೋಡಿಯೇ ನಾನು ಅಂಗಳದ ಕಥೆಯನ್ನು ಇಲ್ಲಿ ಬರೆಯುವ ಧೈರ್ಯ ಮಾಡಿದೆ.

ಆದರೆ ಗಾಯವನ್ನು ತೊಳೆಯದೆ ಪಟ್ಟಿ ಕಟ್ಟಿದರೆ ಒಳಗೆ ಕೀವಾಗುತ್ತದೆ. 2015ರ ಜೂನ್ 17ರಂದು ಚಾರ್ಲ್ಸ್‌ಟನ್ನಿನ ಇಮ್ಯಾನ್ಯುಯೆಲ್ ಚರ್ಚಿನಲ್ಲಿ ಬೈಬಲ್ ಅಧ್ಯಯನಕ್ಕೆ ಕೂತಿದ್ದ ಒಂಬತ್ತು ಮಂದಿಯನ್ನು ಬಿಳಿಯ ಯುವಕನೊಬ್ಬ ಗುಂಡಿಟ್ಟು ಕೊಂದ. ಎರಡು ದಿನಗಳ ನಂತರ ನ್ಯಾಯಾಲಯದಲ್ಲಿ, ಸತ್ತವರ ಮನೆಯವರಲ್ಲಿ ಕೆಲವರು ಅವನನ್ನು ಕ್ಷಮಿಸುತ್ತೇವೆ ಎಂದರು. ಅವರ ನಂಬಿಕೆಯ ಎತ್ತರ ನನ್ನ ಅಳತೆಗೆ ಸಿಗುವಂಥದ್ದಲ್ಲ. ಆದರೆ ಅವರು ಕೊಟ್ಟ ಕ್ಷಮೆಯನ್ನು ಎತ್ತಿಕೊಂಡು, ಊರು ಗುಣವಾಯಿತೆಂದು ಸಾರಲು ಆತುರಪಟ್ಟವರು ಬೇರೆ ಜನ. 2018ರ ಜೂನ್ 19ರಂದು ನಗರ ಸಭೆ ಗುಲಾಮಗಿರಿಯಲ್ಲಿ ಚಾರ್ಲ್ಸ್‌ಟನ್ನಿನ ಪಾತ್ರಕ್ಕಾಗಿ ಕ್ಷಮೆ ಕೇಳುವ ನಿರ್ಣಯ ಮಾಡಿತು; ಪರವಾಗಿ 7 ಮತ, ವಿರುದ್ಧವಾಗಿ 5.

ಶಾಲೆಗಳ ಮಾತಿಗೆ ಬಂದರೆ ಗಾಯ ಇನ್ನೂ ಹಸಿಯಾಗಿಯೇ ಇದೆ. ಬ್ರೌನ್ ತೀರ್ಪಿನೊಳಗೆ ಸೇರಿದ ಐದು ಮೊಕದ್ದಮೆಗಳಲ್ಲಿ ಒಂದು ಇದೇ ರಾಜ್ಯದ ಕ್ಲಾರೆಂಡನ್ ಕೌಂಟಿಯಿಂದ ಹೊರಟದ್ದು. ಬಿಳಿಯ ಮಕ್ಕಳಿಗೆ 30 ಬಸ್ಸುಗಳಿರುವಾಗ ನಮ್ಮ ಮಕ್ಕಳಿಗೆ ಒಂದಾದರೂ ಕೊಡಿ ಎಂದು ತಂದೆತಾಯಿಯರು ಕೇಳಿದ್ದೇ ಅದರ ಮೊದಲು. ಕೇಳಿದವರು ಕೆಲಸ ಕಳೆದುಕೊಂಡರು, ಊರು ಬಿಟ್ಟರು. 1993ರಲ್ಲಿ ಬಡ ಗ್ರಾಮೀಣ ಜಿಲ್ಲೆಗಳು ಮತ್ತೊಮ್ಮೆ ರಾಜ್ಯದ ಮೇಲೆ ಮೊಕದ್ದಮೆ ಹೂಡಿದವು. ಪ್ರತಿ ಮಗುವಿಗೂ ‘ಕನಿಷ್ಠ ಸಾಕಾಗುವಷ್ಟು’ ಶಿಕ್ಷಣ ಕೊಡುವುದು ರಾಜ್ಯದ ಹೊಣೆ ಎಂದು 1999ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆ ಹೊಣೆಯನ್ನು ರಾಜ್ಯ ನೆರವೇರಿಸಿಲ್ಲವೆಂದು 2014ರಲ್ಲಿ ತೀರ್ಪಿತ್ತಿತು. 2017ರಲ್ಲಿ ತನ್ನ ಮೇಲ್ವಿಚಾರಣೆಯನ್ನು ಕೈಬಿಟ್ಟಿತು. ಕನಿಷ್ಠ ಸಾಕಾಗುವಷ್ಟು. ತನ್ನ ಸ್ವಂತ ಮಗುವಿಗೆ ಅಷ್ಟೇ ಸಾಕೆಂದು ಒಪ್ಪುವ ತಾಯಿಯನ್ನು ನಾನು ಎಲ್ಲಿಯೂ ಕಂಡಿಲ್ಲ.

ಸೆಪ್ಟಿಮಾ ಅವರ ವಿಷಯದಲ್ಲಿ ರಾಜ್ಯ ಸ್ವಲ್ಪವಾದರೂ ತೊಳೆದುಕೊಂಡಿತು. 1975ರಲ್ಲಿ ಅವರು ತಮ್ಮನ್ನು ಹೊರಹಾಕಿದ ಊರಿನಲ್ಲೇ ಶಾಲಾ ಮಂಡಳಿಗೆ ಆಯ್ಕೆಯಾದರು. 1976ರಲ್ಲಿ ಪಿಂಚಣಿಯನ್ನು ಮರಳಿ ಕೊಟ್ಟರು. ಆಗ ಅವರಿಗೆ 78 ವರ್ಷ. ಇದು ನನಗೆ ಯಾವ ಭಾಷಣಕ್ಕಿಂತಲೂ ಹೆಚ್ಚು ಗುಣಪಡಿಸುವ ಕೆಲಸವಾಗಿ ಕಾಣುತ್ತದೆ: ಕಿತ್ತುಕೊಂಡದ್ದು ಇಷ್ಟು ಎಂದು ಒಪ್ಪಿ, ಎಣಿಸಿ, ಕೈಗೆ ಕೊಡುವುದು. ಅವರು ತೀರಿಕೊಂಡದ್ದು 1987ರ ಡಿಸೆಂಬರ್ 15ರಂದು, ಜಾನ್ಸ್ ಐಲೆಂಡಿನಲ್ಲೇ.

ಕಳೆದ ಚಳಿಗಾಲದಲ್ಲಿ ಆ ದ್ವೀಪಕ್ಕೆ ಹೋಗಿ ಬಂದೆ. ಪ್ರೊಗ್ರೆಸಿವ್ ಕ್ಲಬ್ 1963ರಲ್ಲಿ ಕಟ್ಟಿಕೊಂಡ ಕಟ್ಟಡ 1989ರ ಹ್ಯೂಗೊ ಚಂಡಮಾರುತಕ್ಕೆ ಸಿಕ್ಕಿತ್ತು. ಹಳೆಯ ಗೋಡೆಗಳ ನಡುವೆ ಹುಲ್ಲು ಬೆಳೆದಿದೆ. ನನ್ನ ಜೊತೆ ನಮ್ಮ ಶಾಲೆಯ ಅಡುಗೆಮನೆಯ ಆ ಹೆಂಗಸೂ ಬಂದಿದ್ದರು. ಜೆಂಕಿನ್ಸ್ ತಮ್ಮ ವ್ಯಾನಿನ ಹಿಂಬದಿಯಲ್ಲಿ ‘ಪ್ರೀತಿಯೇ ಪ್ರಗತಿ, ದ್ವೇಷ ದುಬಾರಿ’ ಎಂದು ಬರೆಸಿದ್ದರೆಂದು ನಾನು ಹೇಳಿದೆ. ಅವರು ಬಹಳ ಹೊತ್ತು ಆ ಗೋಡೆಗಳನ್ನೇ ನೋಡುತ್ತ ನಿಂತರು.

ತಂದೆತಾಯಿಯರೊಂದಿಗಿನ ನಮ್ಮ ತರಗತಿ ಈಗ ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ, ಎರಡು ಗಂಟೆಗೆ, ಚರ್ಚಿನ ಊಟದ ಕೋಣೆಯಲ್ಲಿ ನಡೆಯುತ್ತದೆ. ಸಮಯವನ್ನು ಇಟ್ಟವರು ಅವರು. ಮೊದಲ ದಿನ ಏನು ಬೇಕೆಂದು ಕೇಳಿದಾಗ ಬೀಜಗಣಿತವನ್ನು ಒಬ್ಬರೂ ಹೇಳಲಿಲ್ಲ. ಮಕ್ಕಳ ಅಂಕಗಳನ್ನು ತೋರಿಸುವ ಆ್ಯಪ್ ತೆರೆಯುವುದು, ಕಾಲೇಜಿನ ಧನಸಹಾಯದ ಅರ್ಜಿ ತುಂಬುವುದು, ಸಂಬಳದ ಚೀಟಿಯಲ್ಲಿ ಹಿಡಿದುಕೊಂಡ ಹಣದ ಲೆಕ್ಕ. ಸಂಬಳದ ಚೀಟಿಯಿಂದ ಶೇಕಡಾ ಲೆಕ್ಕಕ್ಕೆ ಬಂದೆವು, ಅಲ್ಲಿಂದ ಹತ್ತು ತಿಂಗಳಲ್ಲಿ ಸಮೀಕರಣಕ್ಕೆ. ನಾನು ಊರಿಗೆ ಹೊರಡುತ್ತೇನೆಂದು ಗೊತ್ತಾದ ಭಾನುವಾರ, ಅಡುಗೆಮನೆಯ ಆ ಹೆಂಗಸು ನನ್ನ ಕೈಯಿಂದ ಮಾರ್ಕರ್ ತೆಗೆದುಕೊಂಡು, “ಟೀಚರ್, ನೀವು ಇವತ್ತು ಹಿಂದೆ ಕೂತುಕೊಳ್ಳಿ” ಎಂದರು. ಕೂತೆ. ಅವರು ಬೋರ್ಡಿನ ಮೇಲೆ ಒಂದು ಗಂಟೆಯ ಕೂಲಿಯನ್ನು ಎಕ್ಸ್ ಎಂದು ಬರೆದುಕೊಂಡು ಲೆಕ್ಕ ಬಿಡಿಸತೊಡಗಿದರು. ಎರಡನೆಯ ಸಾಲಿನಲ್ಲಿ ಒಂದು ಮೈನಸ್ ಚಿಹ್ನೆ ಬಿಟ್ಟುಹೋಯಿತು. ನನ್ನ ಕೈ ಮೇಲೇಳುವುದರಲ್ಲಿತ್ತು, ಮಡಿಲಲ್ಲಿ ಹಿಡಿದುಕೊಂಡೆ. ಮೂರನೆಯ ಸಾಲಿಗೆ ಬಂದು ಅವರು ನಿಂತರು, ಹಿಂದೆ ಸರಿದು ಬೋರ್ಡನ್ನು ನೋಡಿದರು. ಮುಂದಿನ ಕುರ್ಚಿಯಲ್ಲಿದ್ದ, ಹೋಟೆಲ್ ಕೆಲಸದ ಸಮವಸ್ತ್ರದಲ್ಲೇ ಬಂದಿದ್ದ ತಾಯಿಯೊಬ್ಬರು ಎದ್ದುಹೋಗಿ, ಬೆರಳಿನಿಂದ ಆ ಜಾಗವನ್ನು ಮುಟ್ಟಿ ತೋರಿಸಿದರು.